ಮೂರು ಬಿದ್ದರೆ ದೋಣಿ ಬರಬೇಕು

ನಾನು ಒಂದು ಗಂಟೆ. ದೇವಸ್ಥಾನದ್ದಲ್ಲ, ಶಾಲೆಯದ್ದೂ ಅಲ್ಲ. ಕಡವಿನ ಗಂಟೆ, ದೋಣಿ ಕರೆಯುವ ಗಂಟೆ. ಮಂಗಳೂರಿನ ಹಳೇ ಬಂದರಿನ ಹಿಂದೆ ಇದ್ದ ಕುಲುಮೆಯಲ್ಲಿ, ಒಡೆದ ಹಡಗಿನ ಕಂಚು ಕರಗಿಸಿ ನನ್ನನ್ನು ಎರಕ ಹೊಯ್ದರು. ಒಂದು ಅಂಚು ದಪ್ಪವಾಯಿತು. ಅದಕ್ಕೇ ದನಿ ಒರಟು. ಒರಟಾದರೇನು, ಹೊಳೆ ದಾಟಿ ಬೆಂಗ್ರೆಯವರೆಗೂ ಕೇಳುತ್ತಿತ್ತು.

ದೋಣಿ ಹತ್ತಿ ಇಳಿಯುವ ದಕ್ಕೆಯ ಮೆಟ್ಟಿಲ ಪಕ್ಕದ ಕಂಬಕ್ಕೆ ನನ್ನನ್ನು ತೂಗುಹಾಕಿದರು. ದೋಣಿಯವನು ಆಚೆ ದಡದ ಐತಪ್ಪ ಪುತ್ರನ್. ಒಂದು ಸಲ ಬಾರಿಸಿದರೆ, ಜನ ಕಾದಿದ್ದಾರೆ, ಬೀಡಿ ಮುಗಿಸಿ ಬಾ ಎಂದರ್ಥ. ಮೂರು ಸಲ ಬಾರಿಸಿದರೆ ಸೂಲಗಿತ್ತಿ ದಾಟಬೇಕು, ಇಲ್ಲವೇ ಆಸ್ಪತ್ರೆಯಿಂದ ಹೆಣ ಬಂದಿದೆ. ಮೂರು ಕೇಳಿದರೆ ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ ಎದ್ದು ಬರುತ್ತಿದ್ದ.

ಮಳೆಗಾಲದಲ್ಲಿ ಹೊಳೆ ಉಕ್ಕಿ ಕಡವು ನಿಂತಾಗ ಅವನ ಹೆಂಡತಿ ಕಲ್ಯಾಣಿ ಬಂದು ನನ್ನ ನಾಲಿಗೆಯನ್ನು ಕೊಂಡಿಯಿಂದ ಕಳಚುತ್ತಿದ್ದಳು. ಮನೆಗೆ ಒಯ್ದು ಒಲೆಯ ಮೇಲಿನ ಮೊಳೆಗೆ ಸಿಕ್ಕಿಸುತ್ತಿದ್ದಳು. ನಾಲಿಗೆ ಮನೆಯಲ್ಲಿದ್ದರೆ ಕರೆ ಇಲ್ಲ. ಐತಪ್ಪ ಗೊರಕೆ ಹೊಡೆಯಬಹುದು.

ಆಮೇಲೆ ಯಂತ್ರದ ದೋಣಿಗಳು ಬಂದವು. ಕಂಬ ಬಿತ್ತು. ಗುಜರಿಯವನ ಅಂಗಳದಲ್ಲಿ, ಮುರಿದ ಕಕ್ಕಸು ತೊಟ್ಟಿಯೊಳಗೆ ವರ್ಷಗಟ್ಟಲೆ ಕೂತೆ. ಕೋಪ ಮಾಡಿಕೊಳ್ಳುವಷ್ಟು ಶಕ್ತಿ ಇರಲಿಲ್ಲ. ಮಲಗಿಬಿಟ್ಟೆ.

ಈಗ ದಕ್ಕೆಗೆ ಹೊಸ ಜೀವ ಬಂದಿದೆಯಂತೆ. ಮೀನಿನ ನಾತ ಹೋಯಿತು, ಮೀನಿನವರೂ ಹೋದರು. ಗೋದಾಮು ಹೋಟೆಲಾಯಿತು. ದಡದುದ್ದ ನುಣ್ಣನೆಯ ಕಲ್ಲು, ಹೊಳೆಯುವ ಕಂಬಿ. ಜನ ಹೊಳೆಗೆ ಬೆನ್ನು ಹಾಕಿ ನಿಂತು ತಮ್ಮದೇ ಫೋಟೋ ತೆಗೆದುಕೊಳ್ಳುತ್ತಾರೆ. ಅಷ್ಟಕ್ಕೆ ಹೊಳೆ ಯಾಕೆ ಬೇಕು? ಹೋಟೆಲಿನವರು ನನ್ನನ್ನು ಕೊಂಡು, ಉಜ್ಜಿ, ಬಾಗಿಲಲ್ಲಿ ತೂಗುಹಾಕಿ ಹಲಗೆ ಬರೆಸಿದರು: ‘ರುಚಿ ಹಿಡಿಸಿತೇ? ಮೂರು ಸಲ ಬಾರಿಸಿ!’

ಮೂರೇ ಯಾಕೆ ಎಂದು ಒಬ್ಬನೂ ಕೇಳಲಿಲ್ಲ.

ಒಂದು ಸಂಜೆ ಕಲ್ಯಾಣಿ ಬಂದಳು. ತಲೆ ಪೂರ್ತಿ ನೆರೆತಿತ್ತು. ಮ್ಯಾನೇಜರ್ ನಿಶಾಂತನ ಮುಂದೆ ನಿಂತಳು.

“ಮಗಾ, ಒಂದು ಸಲ ಹೊಡೆಸು, ಹತ್ತು ಸಲ ಹೊಡೆಸು. ಮೂರು ಮಾತ್ರ ಬೇಡ. ಕೇಳಿದ ಕೂಡಲೇ ನನ್ನ ಗಂಡ ದೋಣಿ ಇಳಿಸ್ಲಿಕ್ಕೆ ಹೊರಡ್ತಾರೆ, ದಿನಾ ನಾನೇ ಹಿಡಿದು ನಿಲ್ಲಿಸ್ತೇನೆ. ಮಂಡಿ ಬಗ್ಗುವುದಿಲ್ಲ, ಕಣ್ಣು ಮಂಜು. ಮುಳುಗಿ ಹೋದಾರು.”

“ಇದು ಹೋಟೆಲ್ ಗಂಟೆ ಅಂತ ಹೇಳಿ ಅಮ್ಮ.”

“ಹೇಳದೆ ಬಿಟ್ಟೇನಾ? ‘ಹೊಡೆದದ್ದರಲ್ಲಿ ಒಂದು ನಿಜದ ಕರೆ ಆದರೆ ನಿನ್ನ ಅಪ್ಪ ಹೋಗ್ತಾನಾ’ ಅಂತ ಕೇಳ್ತಾರೆ. ಹುಟ್ಟು ಅಡಗಿಸಿಟ್ಟು ಬಂದಿದ್ದೇನೆ.”

“ಓನರನ್ನು ಕೇಳಿ ನೋಡ್ತೇನೆ. ಎಂತಾದ್ರೂ ಕುಡೀತೀರಾ?”

ಅವಳು ಬಾಯಿ ತೆರೆಯುವ ಮೊದಲೇ ಹುಟ್ಟುಹಬ್ಬದ ಗುಂಪೊಂದು ನಗುತ್ತಾ ಬಂದು ನನ್ನ ಹಗ್ಗ ಎಳೆಯಿತು. ಒಂದು. ಎರಡು. ಬೇಡ ಎಂದು ಹೇಳಲು ನನಗೆ ಇರುವುದೂ ಅದೇ ನಾಲಿಗೆ. ಮೂರು.

ಕಲ್ಯಾಣಿ ಕಂಬಿಗೆ ಓಡಿದಳು. ಆಚೆ ದಡದಿಂದ ಸಣ್ಣ ದೋಣಿಯೊಂದು ಬಿಟ್ಟಿತು. ಹುಟ್ಟು ಸಿಗದ ಐತಪ್ಪ ಊಟಕ್ಕೆ ಕೂರುವ ಮಣೆಯಲ್ಲೇ ನೀರು ತಳ್ಳುತ್ತಿದ್ದ. ಮೋಜಿನ ಮೋಟಾರು ದೋಣಿಯೊಂದು ಪಕ್ಕದಲ್ಲೇ ಹಾರಿತು. ಅದರ ಅಲೆಗೆ ಅವನ ದೋಣಿ ಅಡ್ಡ ತಿರುಗಿ ನೀರು ಕುಡಿಯಿತು. ದೋಣಿ ಹೇಗೋ ಸರಿಯಾಯಿತು. ದಡಕ್ಕೆ ಬಂದವನು ಹಳೆಯ ಮೆಟ್ಟಿಲು ಹುಡುಕಿದ. ಮೆಟ್ಟಿಲು ಎಲ್ಲಿದೆ? ಕಂಬಿಯ ಕಾಲು ಹಿಡಿದು, ಏದುಸಿರು ಬಿಡುತ್ತಾ ಕೂಗಿದ:

“ಯಾರಿಗೆ ಎಂತಾಯ್ತು?”

ಕಲ್ಯಾಣಿಯೇ ಹೇಳಿದಳು: “ಯಾರಿಗೂ ಎಂತ ಆಗ್ಲಿಲ್ಲ ಮಾರಾಯ್ರೆ. ಐಸ್‌ಕ್ರೀಮ್ ಒಳ್ಳೆದಿತ್ತಂತೆ.”

ಐತಪ್ಪ ಮೇಲಿದ್ದವರ ಮುಖ ಒಂದೊಂದಾಗಿ ನೋಡಿದ. “ಸದ್ಯ,” ಎಂದ.

ಬೈದಿದ್ದರೆ ವಾಸಿಯಿತ್ತು.

ಕಲ್ಯಾಣಿ ಹೋಟೆಲಿನ ಬಾಗಿಲಿಗೆ ಬಂದು, ನನ್ನ ಕೆಳಗೆ ಕುರ್ಚಿ ಎಳೆದು ಮೇಲೆ ಹತ್ತಿದಳು. ಕೊಂಡಿ ಅವಳ ಬೆರಳಿಗೆ ಮರೆತಿರಲಿಲ್ಲ.

“ಅಮ್ಮ, ಅದು ನಮ್ಮದು!” ಎಂದ ನಿಶಾಂತ.

“ಗಂಟೆ ನಿಮ್ಮದೇ. ಇಟ್ಟುಕೊಳ್ಳಿ.”

ನಾಲಿಗೆಯನ್ನು ಸೆರಗಿಗೆ ಕಟ್ಟಿಕೊಂಡು ಕಂಬಿಯಾಚೆ ಗಂಡನಿಗೆ ತೋರಿಸಿದಳು. “ನೋಡಿ, ಕಡವು ನಿಂತಿತು.” ಅವನು ತಲೆಯಾಡಿಸಿ ಮಣೆ ಕೆಳಗಿಟ್ಟ. ನಿಶಾಂತ ಮೋಟಾರು ದೋಣಿಯವನನ್ನು ಕರೆದು, ಇಬ್ಬರನ್ನೂ ದೋಣಿ ಸಮೇತ ಆಚೆ ಎಳೆಸಿ ಬಿಡಿಸಿದ.

ಈಗಲೂ ಇಲ್ಲೇ ತೂಗುತ್ತಿದ್ದೇನೆ. ಹಗ್ಗ ಎಳೆದವರು ‘ಹಾಳಾಗಿದೆ’ ಎಂದು ಮುಂದೆ ಹೋಗುತ್ತಾರೆ. ಹೋಗಲಿ. ಕರೆದು ಕರೆದು ನನಗೂ ಸಾಕಾಗಿತ್ತು. ನನ್ನ ನಾಲಿಗೆ ಆಚೆ ದಡದಲ್ಲಿ, ಒಲೆಯ ಮೇಲಿನ ಮೊಳೆಯಲ್ಲಿದೆ. ಅದರ ಕೆಳಗೆ ಐತಪ್ಪ ಗೊರಕೆ ಹೊಡೆಯುತ್ತಿರಬೇಕು.