ತಟ್ಟೆ ಖಾಲಿ ಬರುತ್ತಿತ್ತು

ಬೀದಿಯಿಂದ ಬಂದ ಹೆಂಗಸರಿದ್ದ ಆ ಆಶ್ರಯಮನೆಯಲ್ಲಿ ಅಡುಗೆಯವಳು ಒಂದು ಕೆಲಸವನ್ನು ತಾನಾಗಿಯೇ ಮೈಮೇಲೆ ಹಾಕಿಕೊಂಡಿದ್ದಳು. ಅಲ್ಲಿದ್ದ ಬಹಳ ಮಂದಿಗೆ ಬುದ್ಧಿ ವಯಸ್ಸಿನ ಜೊತೆ ಬೆಳೆದಿರಲಿಲ್ಲ. ಎಲ್ಲಿ ನೋವು ಎಂದು ಬಾಯಿಬಿಟ್ಟು ಹೇಳಲಾರರು. ಹಾಗಾಗಿ ಅವಳು ತಟ್ಟೆ ನೋಡುತ್ತಿದ್ದಳು. ಊಟ ಉಳಿಸಿದವಳನ್ನು ಕೈಹಿಡಿದು ನರ್ಸಮ್ಮನ ಮುಂದೆ ಕೂರಿಸುತ್ತಿದ್ದಳು. ಒಬ್ಬಳ ಕಾಮಾಲೆ ಹಾಗೆಯೇ ಬೇಗ ಗೊತ್ತಾಗಿತ್ತು. ಆ ಬಗ್ಗೆ ಅವಳಿಗೆ ಒಳಗೊಳಗೇ ಜಂಬವೂ ಇತ್ತು.

ಗೊಂಬೆಯ ತಟ್ಟೆ ಮಾತ್ರ ಯಾವಾಗಲೂ ತೊಳೆದಿಟ್ಟ ಹಾಗೆ ಬರುತ್ತಿತ್ತು. ಬಸ್ ನಿಲ್ದಾಣದ ಬೆಂಚಿನಡಿ ಮಲಗುತ್ತಿದ್ದ ಹೆಂಗಸು ಅವಳು. ಕರೆತಂದ ದಿನ ಹೆಸರು ಕೇಳಿದರೆ ಬರೀ ನಕ್ಕಿದ್ದಳು. ಆ ನಗುವಿಗೇ ಗೊಂಬೆ ಎಂಬ ಹೆಸರು ಬಿತ್ತು. ಏನು ಕೇಳಿದರೂ ಅವಳದು ಒಂದೇ ಉತ್ತರ, "ಹೂಂ."

ಒಂದು ಮಧ್ಯಾಹ್ನ ಅವಳು ತನ್ನ ಬ್ರೆಡ್ಡು, ಬೇಯಿಸಿದ ಕಾಳು ಎಲ್ಲವನ್ನೂ ಪಕ್ಕದ ಮುದುಕಿಯ ತಟ್ಟೆಗೆ ಸುರಿದಳು. ಅಡುಗೆಯವಳು ಸೌಟು ಹಿಡಿದೇ ಓಡಿಬಂದಳು.

"ನೋಡ್ರೇ, ಎಂಥಾ ದೊಡ್ಡ ಮನಸ್ಸು! ನೀವೂ ಇದೀರಿ, ಒಂದು ತುಂಡಿಗೆ ಜುಟ್ಟು ಹಿಡ್ಕೊಂಡು ಜಗಳ ಆಡ್ತೀರಿ. ಭೇಷ್, ನನ್ನ ಬಂಗಾರ!" ಎಂದು ಗೊಂಬೆಯ ಕೆನ್ನೆ ಹಿಂಡಿದಳು. ಗೊಂಬೆಯ ಕಣ್ಣಲ್ಲಿ ನೀರು ತುಂಬಿತು.

"ಅಯ್ಯೋ, ಹೊಗಳಿದ್ದಕ್ಕೇ ಅಳ್ತಾಳಲ್ಲೇ!" ಎಂದಳು ಅಡುಗೆಯವಳು.

ಮುದುಕಿ ತುಂಬಿದ ಬಾಯಲ್ಲೇ ಹೇಳಿದಳು, "ನನ್ನನ್ನೂ ಒಂದ್ಸಲ ಹೊಗಳು ತಾಯಿ, ನಾನೂ ಅಳ್ತೀನಿ."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಪ್ರತಿ ಹೊತ್ತೂ ಅದೇ ಆಯಿತು. ಗೊಂಬೆ ಊಟ ಕೊಟ್ಟುಬಿಟ್ಟು ಅಡುಗೆಯವಳ ಮುಖ ನೋಡುವಳು. ಅಡುಗೆಯವಳು ಒಲೆಯ ಮುಂದಿನಿಂದಲೇ "ಭೇಷ್" ಎನ್ನುವಳು.

ಒಂದು ಬೆಳಿಗ್ಗೆ ಗೊಂಬೆ ಹಾಸಿಗೆ ಬಿಟ್ಟು ಏಳಲಿಲ್ಲ. ಮೈ ಕೆಂಡ, ದವಡೆಯ ಊತ ಕುತ್ತಿಗೆಯವರೆಗೆ ಇಳಿದಿತ್ತು. ನರ್ಸಮ್ಮ ಬಾಯಿ ತೆರೆಸಿ ಮುಖ ಹಿಂದಕ್ಕೆಳೆದುಕೊಂಡಳು. ಹಲ್ಲು ಕೊಳೆತು ಕೀವು ತುಂಬಿತ್ತು.

"ಅಗಿಯೋಕೆ ಆಗ್ತಿರಲಿಲ್ಲ ಇವಳಿಗೆ. ಊಟ ಬಿಟ್ಟಿದ್ದು ನಿನಗೆ ಕಾಣಲಿಲ್ವಾ?"

"ಇಲ್ಲ ನರ್ಸಮ್ಮ, ತಟ್ಟೆ ಖಾಲಿ..." ಎಂದಳು ಅಡುಗೆಯವಳು. ಕೆನ್ನೆ ಹಿಂಡಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

ಆಸ್ಪತ್ರೆಯಲ್ಲಿ ಹಲ್ಲು ಕಿತ್ತು, ಕುತ್ತಿಗೆ ಕೊಯ್ದು ಕೀವು ತೆಗೆದರು. ಇನ್ನಷ್ಟು ತಡವಾಗಿದ್ದರೆ ಉಸಿರೇ ಕಟ್ಟುತ್ತಿತ್ತಂತೆ. ಗೊಂಬೆ ಬ್ಯಾಂಡೇಜು ಸುತ್ತಿಕೊಂಡು, ಮೂಳೆ ಎಣಿಸುವ ಹಾಗಾಗಿ ವಾಪಸು ಬಂದಳು.

ಅಡುಗೆಯವಳು ಬ್ರೆಡ್ಡನ್ನು ಹಾಲಿನಲ್ಲಿ ಮೆತ್ತಗೆ ನೆನೆಸಿ ತಂದು ಪಕ್ಕದಲ್ಲೇ ಕುಳಿತಳು. ಗೊಂಬೆ ಬಟ್ಟಲು ನೋಡಿ ಎಂಜಲು ನುಂಗಿದಳು. ಹಸಿವು ಕಣ್ಣಲ್ಲೇ ಕಾಣುತ್ತಿತ್ತು. ಆದರೂ ಬಟ್ಟಲನ್ನು ಮುದುಕಿಯತ್ತ ತಳ್ಳಿ, ಅಡುಗೆಯವಳ ಮುಖ ನೋಡಿದಳು.

"ಬೇಡಮ್ಮ, ನೀನು ತಿನ್ನು. ನಿನಗಂತಲೇ ಮಾಡಿದ್ದು."

ಗೊಂಬೆಯ ನಗು ಮಾಸಿತು. ಏನೋ ತಪ್ಪು ಮಾಡಿದವಳಂತೆ ಕೈ ಹಿಂದಕ್ಕೆ ತೆಗೆದುಕೊಂಡಳು. ಮುದುಕಿ ಬಟ್ಟಲನ್ನು ವಾಪಸು ಸರಿಸಿದಳು. "ನನ್ನ ಹೊಟ್ಟೆ ತುಂಬಿದೆ ಕಣೇ, ನೀನೇ ತಿನ್ನೇ." ಆ ಮುದುಕಿ ಹಾಗೆ ಹೇಳಿದ್ದು ಅದೇ ಮೊದಲು.

ಅಡುಗೆಯವಳು ಒಂದು ಚಮಚ ತಿನ್ನಿಸಿದಳು. ಗೊಂಬೆ ನುಂಗಿದ ಕೂಡಲೇ ಅಡುಗೆಯವಳು ಮನೆಯೆಲ್ಲ ಕೇಳುವ ಹಾಗೆ "ಭೇಷ್!" ಎಂದಳು.

ಗೊಂಬೆಯ ಮುಖ ಅರಳಿತು. ಚಮಚ ಕಿತ್ತುಕೊಂಡು, ತುಂಬಿಸಿ, ಅಡುಗೆಯವಳ ಬಾಯಿಗೇ ಹಿಡಿದಳು.

ಅಡುಗೆಯವಳು ತುಟಿ ಬಿಗಿದು ತಲೆಯಾಡಿಸಿದಳು. ಗೊಂಬೆ ಚಮಚ ಕೆಳಗಿಳಿಸಲಿಲ್ಲ. ಆ ಒಂದು ಮಾತಿಗಾಗಿ ಅವಳ ಮುಖವನ್ನೇ ನೋಡುತ್ತಾ ಕುಳಿತಳು.