ಬಟ್ಟೆ ಪೆಟ್ಟಿಗೆಯಲ್ಲಿಟ್ಟ ಕಾಫಿ ಬೀಜ

ಹೊಲಿಗೆ ಅಂಗಡಿ ತೆರೆದ ದಿನ ಅಕ್ಕಪಕ್ಕದವರಿಗೆಲ್ಲ ಕಾಫಿ ಕೊಟ್ಟಳು ದರ್ಜಿ ಅಕ್ಕ. ಎಲ್ಲರೂ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ಅವಳೂ ಕುಡಿದು ನೋಡಿದಳು. ಔಷಧಿಯ ಘಾಟು.

"ನಮ್ಮಣ್ಣ ಕೊಟ್ಟ ಬೀಜ ಇದು," ಎಂದಳು. "ಗೋದಾಮಲ್ಲಿ ಬೇಡದ್ದನ್ನ ನನ್ನ ತಲೆಗೆ ಕಟ್ಟಿದಾನೆ."

ಕಾಫಿ ಗೋದಾಮಿನಲ್ಲಿ ಬೀಜ ಆರಿಸುವ ಕೆಲಸದ ಅಣ್ಣ ಬಾಗಿಲಲ್ಲೇ ನಿಂತಿದ್ದ. ತನ್ನ ಲೋಟ ಪೂರ್ತಿ ಖಾಲಿ ಮಾಡಿದ. "ಕೆಲಸಕ್ಕೆ ಹೊತ್ತಾಯ್ತು, ಬರ್ತೀನಿ" ಎಂದು ಹೊರಟುಹೋದ.

ಮರುದಿನ ಅವಳು ಉಳಿದ, ಹುರಿಯದ ಹಸಿರು ಬೀಜವನ್ನು ಕಾಫಿಪುಡಿ ಅಂಗಡಿಯವಳಿಗೆ ತೋರಿಸಿದಳು. ಅಂಗಡಿಯವಳು ಮೂಸಿ ನೋಡಿದಳು.

"ಎಲ್ಲಿಟ್ಟಿದ್ರಿ ಅಕ್ಕ?"

"ಬಟ್ಟೆ ಪೆಟ್ಟಿಗೇಲಿ, ಎಂಟು ತಿಂಗಳು. ಇಲಿ ಮುಟ್ಟಬಾರದು ಅಂತ."

"ನುಸಿಗುಳಿಗೆ ಹಾಕಿದ್ರಾ?"

"ಸೀರೆಗೆ ಹಾಕಿದ್ದು. ಬೀಜಕ್ಕೇನು, ಒಣಗಿ ಕಲ್ಲಾಗಿದೆ."

"ಕಲ್ಲಲ್ಲಕ್ಕ. ಪಕ್ಕದಲ್ಲಿರೋ ವಾಸನೇನೂ ತೇವಾನೂ ಹೀರ್ಕೊಳ್ಳುತ್ತೆ. ಬೀಜ ಒಳ್ಳೇದೇ ಇತ್ತು, ಇಟ್ಟ ಜಾಗ ಸರಿಯಿಲ್ಲ."

"ಚೆನ್ನಾಗಿ ಹುರಿದ್ರೆ ಹೋಗಲ್ವಾ?"

"ಹೋಗಲ್ಲ. ಯಾರಿಗೂ ಕೊಡಬೇಡಿ, ಎಸೆದುಬಿಡಿ."

ಅವಳ ಮುಖ ಬಿಸಿಯಾಯಿತು. ಅಷ್ಟು ಜನರ ಮುಂದೆ ಆಡಿದ ಮಾತು ಕಿವಿಯಲ್ಲೇ ಇತ್ತು. ನೇರ ಗೋದಾಮಿಗೆ ಹೋದಳು. ಅಣ್ಣ ಜೊತೆಯವರೊಂದಿಗೆ ಊಟಕ್ಕೆ ಕೂತಿದ್ದ. ಅವರೆದುರೇ ಹೇಳಿದಳು:

"ಅಣ್ಣಾ, ಬೀಜ ಕೆಡಿಸಿದ್ದು ನಾನು. ನುಸಿಗುಳಿಗೆ ಜೊತೆ ಇಟ್ಟಿದ್ದೆ."

"ಮೊದಲ ಗುಟುಕಿಗೇ ಗೊತ್ತಾಯ್ತು ಕಣೇ."

"ಮತ್ತೆ ಯಾಕೆ ಹೇಳಲಿಲ್ಲ?"

"ಅಂಗಡಿ ತೆರೆದ ದಿನ. ಎಲ್ಲರೆದುರು ನಿನ್ನ ಮುಖ ಸಣ್ಣಗಾಗೋದು ಬೇಡ ಅನ್ನಿಸ್ತು."

ಅವಳಿಗೆ ತಲೆಯೆತ್ತಲಾಗಲಿಲ್ಲ. ಅವನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಆ ಸಂಜೆ, ಕಾಫಿ ಕುಡಿದವರ ಮನೆಗಳಿಗೆಲ್ಲ ಹೋಗಿ "ತಪ್ಪು ನಂದು, ಅಣ್ಣಂದಲ್ಲ" ಎಂದು ಬಂದಳು. ಅವಳ ಗಂಡ ಮಾತ್ರ "ಒಂದು ಹಿಡಿ ಬೀಜಕ್ಕೆ ಇಷ್ಟೆಲ್ಲ ಯಾಕೆ?" ಎಂದ. ಅವಳು ಆ ಬೀಜ ಅವನ ಮೂಗಿಗೆ ಹಿಡಿದಳು. ಅವನು ಎದ್ದುಹೋಗಿ, ಮುಚ್ಚಳ ಬಿಗಿಯಾದ ಡಬ್ಬಿಯೊಂದನ್ನು ತೊಳೆದು ಒಣಗಲು ಇಟ್ಟ.

ನಿಮ್ಮ ಮನೆಯ ಬೀಜ ಈಗ ಎಲ್ಲಿದೆ, ಹೋಗಿ ನೋಡಿ. ತುಂಬಾ ದಿನ ಇಡುವುದಾದರೆ ಹುರಿಯದ, ಚೆನ್ನಾಗಿ ಒಣಗಿದ ಬೀಜವನ್ನೇ ಇಡಿ. ವಾಸನೆಯಿಲ್ಲದ ಒಣ ಡಬ್ಬಿಯಲ್ಲಿ ತುಂಬಿ, ಒಲೆ ಮತ್ತು ಬಿಸಿಲಿನಿಂದ ದೂರ, ತಂಪಾದ ಕಡೆ ಇಡಿ. ಸೋಪು, ಸೀಮೆಎಣ್ಣೆ, ನುಸಿಗುಳಿಗೆ ಹತ್ತಿರ ಬೇಡ. ತುಂಬಿದ ತಾರೀಖು ಬರೆದು, ವರ್ಷದೊಳಗೆ ಬಳಸಿ. ಕೆಲವು ವಾರಕ್ಕೆ ಬೇಕಾದಷ್ಟೇ ಹುರಿಯಿರಿ. ಬೂಷ್ಟು ಕಂಡರೆ ಎಸೆಯಿರಿ. ಕಾಫಿ ಕೆಟ್ಟರೆ, ಕೊಟ್ಟವರನ್ನು ದೂರುವ ಮುನ್ನ ನೀವಿಟ್ಟ ಜಾಗವನ್ನು ಒಮ್ಮೆ ಮೂಸಿ ನೋಡಿ.