ಹುಲಿ ಹೊಡೆದ ಹಸು, ಮನೆಯ ಕೌಲೆ

"ನಾನಿರೋಗಂಟ ಹುಲಿ ಹೊಡೆದ ದನಕ್ಕೆ ಈ ಊರಲ್ಲಿ ಯಾರೂ ವಿಷ ಹಾಕಕ್ಕಿಲ್ಲ ಕನಮ್ಮಿ," ಎಂದು ಗುರುಮಲ್ಲಪ್ಪ ಹೆಂಡತಿಗೆ ಮಾತು ಕೊಟ್ಟದ್ದು ಮದುವೆಯಾದ ಹೊಸತರಲ್ಲಿ. ಲಿಂಗಾಜಮ್ಮ ಗುಂಡ್ಲುಪೇಟೆಯ ತವರಿನಿಂದ ಕರೆತಂದಿದ್ದ ನಾಯಿ ಅಂಥದೊಂದು ಹೆಣಕ್ಕೆ ಬಾಯಿ ಹಾಕಿ, ಹೊಸ್ತಿಲ ಮುಂದೆಯೇ ಒದ್ದಾಡಿ ಸತ್ತಿತ್ತು. ಹುಲಿ ಸಾಯಲೆಂದು ಆ ಹೆಣಕ್ಕೆ ವಿಷ ಹಾಕಿದ್ದವರು ಅವಳ ಮಾವನೇ. ಹೊಸ ಸೊಸೆ ಅನ್ನ ಬಿಟ್ಟು ಕೂತಳು. ಆಗ ಗುರುಮಲ್ಲಪ್ಪನಿಗೆ ಊರಿನ ಮೇಲೆ ಯಾವ ಅಧಿಕಾರವೂ ಇರಲಿಲ್ಲ, ಮೀಸೆಯೇ ಸರಿಯಾಗಿ ಬಲಿತಿರಲಿಲ್ಲ. ಆದರೂ ಇಡೀ ಊರಿನ ಪರವಾಗಿ ಮಾತು ಕೊಟ್ಟುಬಿಟ್ಟಿದ್ದ.

ಈಗ ಕಾಡಂಚಿನ ಮಸಿನಗುಡಿಯ ದೊಡ್ಡ ಪಟ್ಟಿ ಅವನದು. ಮುಳ್ಳುಬೇಲಿಯ ಆ ದೊಡ್ಡಿಯಿಂದ ಬೆಳಗ್ಗೆ ದನ ಹೊರಟರೆ ಪ್ರವಾಸಿಗಳ ಜೀಪುಗಳು ನಿಂತು ದಾರಿ ಬಿಡಬೇಕು. ಕೊಳಾಯಿ ಜಗಳ, ಗೊಬ್ಬರದ ಲಾರಿಯ ಸರದಿ, ಗಂಡ ಹೆಂಡಿರ ಮುನಿಸು, ಎಲ್ಲಕ್ಕೂ ಜನ ಅವನ ಜಗಲಿಗೇ ಬರುತ್ತಾರೆ. ಯಾರಾದರೂ ಯಜಮಾನರೇ ಎನ್ನುವುದನ್ನು ತಮಿಳಿನಲ್ಲಿ "ತಲೈವರೇ" ಎಂದು ಕೂಗಿದರೆ ಲಿಂಗಾಜಮ್ಮ ಒಳಗಿನಿಂದ, "ನಿಮ್ಮ ತಲೈವರು ಕನ್ನಡಕ ಹುಡುಕ್ತಾವ್ರೆ, ವಸಿ ಕೂತ್ಕಳಿ," ಎನ್ನುತ್ತಾಳೆ.

ಆ ಬೆಳಗ್ಗೆ ಬಂದವನು ಮಣಿಕಂಡನ್. ಅವನಿಗಿದ್ದ ಒಂದೇ ಹಸುವಿನ ಕತ್ತನ್ನು ಹಳ್ಳದ ದಂಡೆಯಲ್ಲಿ ಹುಲಿ ಮುರಿದಿತ್ತು. ಅವನ ಬೆನ್ನಿಗೆ ಬೇರೆ ಪಟ್ಟಿಗಳವರೂ ಬಂದು ನಿಂತರು.

"ತಲೈವರೇ, ಕತ್ತಲಾದ್ರೆ ಅದು ತಿನ್ನಕ್ಕೆ ಮತ್ತೆ ಬರುತ್ತೆ. ನೀವು ಹೂಂ ಅಂದ್ರೆ ಸಾಕು," ಎಂದ ಮಣಿಕಂಡನ್. ಅವನ ಕೈಚೀಲದಲ್ಲಿ ಬೆಳೆಗೆ ಹೊಡೆಯುವ ಔಷಧಿಯ ಡಬ್ಬಿ ಇತ್ತು.

"ಫಾರೆಸ್ಟ್‌ನೋರು ಬಂದು ಫೋಟೋ ಹಿಡ್ಕಂಡು ಹೋಗ್ಲಿ ಕಣಪ್ಪ. ಪರಿಹಾರ ಬತ್ತದೆ."

"ಪರಿಹಾರ ಹಾಲು ಕರೆಯುತ್ತಾ? ನಾಳೆ ನನ್ನ ಮಗೂಗೆ ಏನು ಕುಡಿಸ್ಲಿ?"

"ಅವ್ರಿಗೇನು, ಪಟ್ಟಿ ತುಂಬ ದನ ಅವೆ," ಎಂದು ಹಿಂದಿನಿಂದ ಯಾರೋ ಚುಚ್ಚಿದರು.

ಇಕ್ಕಟ್ಟಿಗೆ ಸಿಕ್ಕಾಗ ಗುರುಮಲ್ಲಪ್ಪ ಟವೆಲನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಳ್ಳುತ್ತಾನೆ. ಈಗಲೂ ಹಾಕಿಕೊಂಡ. ಬಾಗಿಲ ಮರೆಯಲ್ಲಿದ್ದ ಲಿಂಗಾಜಮ್ಮ ಅದನ್ನು ಕಂಡಳು. ಊರೇ ಎದುರು ನಿಂತಾಗ ಹೆಂಡತಿಗೆ ಎಂದೋ ಆಡಿದ ಮಾತು ಎಷ್ಟು ತೂಗೀತು?

ಅವನು ಎದ್ದು ಕೊಟ್ಟಿಗೆಗೆ ಹೋದ. ಹೊರಬಂದಾಗ ಕೈಯಲ್ಲಿ ಕೌಲೆಯ ಹಗ್ಗವಿತ್ತು. ಪಟ್ಟಿಯ ದನಗಳೆಲ್ಲ ಗೊಬ್ಬರಕ್ಕೆ; ಹಾಲಿಗೆಂದು ಮನೆಯಲ್ಲಿ ಕಟ್ಟಿದ್ದು ಈ ಕೆಂದು ಬಣ್ಣದ ಹಸು ಒಂದೇ. ಲಿಂಗಾಜಮ್ಮನ ಕೈಗಲ್ಲದೆ ಬೇರೆಯವರಿಗೆ ಹಾಲು ಇಳಿಸದ ಹಸು.

"ಇಕಾ, ಹಿಡ್ಕೊ. ಕರೂನೂ ನಿಂದೇ. ಆ ಡಬ್ಬೀನ ಇತ್ಲಾಗೆ ಕೊಡು."

ಮಣಿಕಂಡನ್ ಹಗ್ಗ ಮುಟ್ಟದೆ ಬಾಗಿಲ ಕಡೆ ನೋಡಿದ. ಲಿಂಗಾಜಮ್ಮ ಸೆರಗು ಸಿಕ್ಕಿಸಿಕೊಂಡು ಹೊರಬಂದಳು.

"ಯಾರನ್ನ ಕೇಳಿ ಕೊಟ್ರಿ?"

"ಕೇಳಿದ್ರೆ ಕೊಡ್ತಿದ್ಯಾ?"

"ಇಲ್ಲ."

"ಅದ್ಕೇ ಕೇಳ್ನಿಲ್ಲ."

ಜಗಲಿಯಲ್ಲಿದ್ದವರು ನಕ್ಕುಬಿಟ್ಟರು. ಅವಳು ಗಂಡನ ಮುಖವನ್ನೊಮ್ಮೆ ದುರುಗುಟ್ಟಿ ನೋಡಿ, ಹಗ್ಗವನ್ನು ಕಿತ್ತುಕೊಂಡು ತಾನೇ ಮಣಿಕಂಡನ್ ಕೈಗಿಟ್ಟಳು.

"ಕರೆಯೋಕೆ ಮುಂಚೆ ಕತ್ತಿನಡಿ ಗಂಗೆದೊಗಲು ಕೆರೀಬೇಕು, ಇಲ್ದಿದ್ರೆ ಒದೀತದೆ. ವಸಿ ದಿನ ನಾನೇ ಬಂದು ನಿನ್ನ ಹೆಂಡ್ತಿಗೆ ತೋರಿಸ್ಕೊಡ್ತೀನಿ." ಆಮೇಲೆ ಗಂಡನ ಕಡೆ ತಿರುಗಿದಳು. "ಇವತ್ತಿಂದ ತಲೈವರಿಗೆ ಹಾಲಿಲ್ದ ಕಾಪಿ."

ಡಬ್ಬಿ ಕೈಗೆ ಬಂದರೂ ಗುರುಮಲ್ಲಪ್ಪನಿಗೆ ಊರಿನ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಕೊಡೆ ಹಿಡಿದು ಹಳ್ಳಕ್ಕೆ ಹೋಗಿ, ಹೆಣದಿಂದ ದೂರದ ಬಂಡೆಯ ಮೇಲೆ ಕಾವಲು ಕೂತ. ಅರಣ್ಯ ಇಲಾಖೆಯವರು ಬಂದು ಫೋಟೋ ತೆಗೆದು, ಇನ್ನು ನಾವು ನೋಡಿಕೊಳ್ಳುತ್ತೇವೆ ಎಂದು ತುಸು ದೂರದಲ್ಲಿ ಮರೆಯಾಗಿ ಬೀಡುಬಿಟ್ಟರು. ಬುತ್ತಿಯ ಜೊತೆ ಲಿಂಗಾಜಮ್ಮ ನಿಜಕ್ಕೂ ಕಪ್ಪು ಕಾಫಿಯನ್ನೇ ತಂದಿದ್ದಳು. ಅವನು ಮುಖ ಹಿಂಡಿಕೊಂಡು ಕುಡಿದ. ಹೊತ್ತು ಇಳಿಯುವ ಮೊದಲು ಇಬ್ಬರೂ ಮನೆಗೆ ನಡೆದರು.

ರಾತ್ರಿ ಹುಲಿ ಬಂದು ತಿಂದು ಹೋಯಿತು. ಉಳಿದದ್ದನ್ನು ರಣಹದ್ದುಗಳು ತಿಂದವು. ಯಾರೂ ವಿಷ ಹಾಕಲಿಲ್ಲ. ಗುರುಮಲ್ಲಪ್ಪ ಹೆಂಡತಿಗೆ ಕೊಟ್ಟ ಮಾತು ಉಳಿಯಿತು.